ಬೀಗವಿಕ್ಕಿದ ಮನೆ: ‘ಕಿಸಾಪ್‌ಮಾತಾ’ ಚಿತ್ರದ ತಂದೆ, ತಾಯಿ, ಮಗಳು

ಫಿಲಿಪೀನ್ಸ್ ದೇಶದ ನಿರ್ದೇಶಕ ಮೈಕ್ ಡಿ ಲಿಯೋನ್ ಅವರ ‘ಕಿಸಾಪ್‌ಮಾತಾ’ (1981) ಚಿತ್ರವನ್ನು ಕುರಿತ ಬರವಣಿಗೆಯಲ್ಲಿ ಒಂದು ವ್ಯಾಖ್ಯಾನವು ಬಹುಮಟ್ಟಿಗೆ ನೆಲೆಯೂರಿಬಿಟ್ಟಿದೆ. ಅದರ ಪ್ರಕಾರ ಚಿತ್ರದಲ್ಲಿನ ತಂದೆ ದಾದೋಂಗ್ ಕರಂದಾಂಗ್ ಸರ್ವಾಧಿಕಾರಿ ಫರ್ಡಿನಾಂಡ್ ಮಾರ್ಕೋಸ್‌ನ ಪ್ರತಿರೂಪ. ಅವನ ಮನೆ ಸೇನಾಶಾಸನದ ಕಾಲದ ದೇಶ. ಹೆಂಡತಿ, ಮಗಳು, ಅಳಿಯ ಇವರೆಲ್ಲ ಬಾಯಿಕಟ್ಟಿದ ಪ್ರಜೆಗಳು. ಈ ವ್ಯಾಖ್ಯಾನವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. 1972ರ ಸೆಪ್ಟೆಂಬರಿನಲ್ಲಿ ಹೇರಲಾದ ಸೇನಾಶಾಸನವನ್ನು 1981ರ ಜನವರಿಯಲ್ಲಿ ಕಾಗದದ ಮೇಲೆ ಹಿಂತೆಗೆದುಕೊಂಡದ್ದೂ, ಅದೇ ವರ್ಷದ ಡಿಸೆಂಬರಿನಲ್ಲಿ ಮನಿಲಾ ಚಿತ್ರೋತ್ಸವದಲ್ಲಿ ಈ ಚಿತ್ರ ತೆರೆಕಂಡದ್ದೂ ಕೇವಲ ಕಾಕತಾಳೀಯವೆಂದು ಯಾರೂ ಹೇಳಲಾರರು. ಆದರೆ ಮನೆಯನ್ನು ದೇಶವೆಂದು ಓದುವ ಅವಸರದಲ್ಲಿ ಮನೆಯೇ ಕಣ್ಮರೆಯಾಗುವುದನ್ನು ನಾವು ಗಮನಿಸಬೇಕಾಗಿದೆ. ತಂದೆಯಿಂದ ಮಗಳಿಗಾದದ್ದು ಪ್ರಜೆಗಳಿಗಾದುದರ ‘ಸಂಕೇತ’ವೆಂದು ಒಪ್ಪಿಕೊಂಡ ಮರುಕ್ಷಣವೇ ಮಗಳಿಗೆ ಏನಾಯಿತೆಂಬ ಪ್ರಶ್ನೆಯನ್ನು ಕೇಳುವ ಅಗತ್ಯ ವಿಮರ್ಶಕನಿಗೆ ಉಳಿಯುವುದಿಲ್ಲ. ಮನೆಯೊಳಗೆ ಅವಳನ್ನು ಸುಮ್ಮನಾಗಿಸಿದವನು ತಂದೆ. ಮನೆಯ ಹೊರಗೆ ರೂಪಕವೂ ಅದೇ ಕೆಲಸ ಮಾಡಿದರೆ ಹೇಗೆ?

ಕಥೆಯ ಹಂದರ ಸರಳವಾದುದು. ನಿವೃತ್ತ ಪೊಲೀಸ್ ದಾದೋಂಗನ ಮಗಳು ಮಿಲಾ ತಾನು ಗರ್ಭಿಣಿಯೆಂದೂ ಸಹೋದ್ಯೋಗಿ ನೋಯೆಲ್‌ನನ್ನು ಮದುವೆಯಾಗುವೆನೆಂದೂ ಮನೆಯಲ್ಲಿ ತಿಳಿಸುತ್ತಾಳೆ. ತಂದೆ ಒಪ್ಪುತ್ತಾನೆ, ಆದರೆ ಒಂದೊಂದಾಗಿ ಷರತ್ತುಗಳನ್ನು ಮುಂದಿಡುತ್ತಾನೆ. ವರನ ಕಡೆಯವರು ಭಾರಿ ಮೊತ್ತವನ್ನು ತೆರಬೇಕು. ಮದುವೆಯ ನಂತರ ದಂಪತಿಗಳು ತನ್ನ ಮನೆಯಲ್ಲಿಯೇ ಇರಬೇಕು. ಅಲ್ಲಿಯೂ ನಾನಾ ನೆಪಗಳಿಂದ ಅವರು ಒಂದೇ ಕೋಣೆ ಸೇರದಂತೆ ಅವನು ನೋಡಿಕೊಳ್ಳುತ್ತಾನೆ. ಮುಳ್ಳುತಂತಿಯ ಬೇಲಿ, ಬೀಗವಿಕ್ಕಿದ ಗೇಟು, ಮೆಟ್ಟಿಲಿನ ಮೇಲೆ ಕೇಳಿಬರುವ ಹೆಜ್ಜೆಯ ಸದ್ದು ಇವುಗಳಲ್ಲಿಯೇ ಚಿತ್ರದ ಬಹುಭಾಗ ಕಳೆಯುತ್ತದೆ. ತಂದೆಗೂ ಮಗಳಿಗೂ ನಡುವೆ ಇರಬಾರದ ಸಂಬಂಧವನ್ನು ತಂದೆ ಬಲಾತ್ಕಾರದಿಂದ ಹೇರಿದ್ದಾನೆಂಬುದನ್ನು ಚಿತ್ರ ನೇರವಾಗಿ ತೋರಿಸುವುದಿಲ್ಲ. ಪ್ರೇಕ್ಷಕನು ಅದನ್ನು ತಡವಾಗಿ, ಅಳಿಯನ ಜೊತೆಜೊತೆಗೇ, ಊಹಿಸುತ್ತಾನೆ. ಕೊನೆಗೆ ಬಂದೂಕಿನ ಸದ್ದು.

ಇದು ಕಲ್ಪಿತ ಕಥೆಯಲ್ಲ. 1961ರ ಜನವರಿಯಲ್ಲಿ ಜಪೋಟೆ ಬೀದಿಯ ಮನೆಯೊಂದರಲ್ಲಿ ನಡೆದ ಹತ್ಯೆಗಳನ್ನು ಕುರಿತು ನಿಕ್ ವಾಕೀನ್ ‘ಕಿಹಾನೋ ಡಿ ಮನಿಲಾ’ ಎಂಬ ಹೆಸರಿನಲ್ಲಿ ಬರೆದ ಇಂಗ್ಲಿಷ್ ವರದಿಯೇ ಚಿತ್ರದ ಆಧಾರ. ಆ ಗುಪ್ತನಾಮ ಅವರ ಅಡ್ಡಹೆಸರಿನ ಅಕ್ಷರಪಲ್ಲಟವೆಂಬುದು ಫಿಲಿಪೀನ್ಸಿನ ಓದುಗರಿಗೆ ಚಿರಪರಿಚಿತ. ವರದಿಗೂ ಚಿತ್ರಕ್ಕೂ ಇರುವ ಅಂತರ ವಿಮರ್ಶೆಯ ದೃಷ್ಟಿಯಿಂದ ಮುಖ್ಯವಾದುದು. ಪತ್ರಕರ್ತನು ಘಟನೆಯ ಅನಂತರ ಬರುತ್ತಾನೆ. ಮನೆಯ ಮಗಳು ಸತ್ತಿದ್ದಾಳೆ, ಕೊಂದವನೂ ಸತ್ತಿದ್ದಾನೆ. ಆದುದರಿಂದ ವರದಿ ಬಹುಮಟ್ಟಿಗೆ ಅಳಿಯನ ಕಡೆಯವರು ಹೊರಗಿನಿಂದ ಕಂಡ ಮನೆಯ ಚಿತ್ರವಾಗುತ್ತದೆ. ಡಿ ಲಿಯೋನ್, ಕ್ಲೋಡುವಾಲ್ಡೋ ಡೆಲ್ ಮುಂಡೋ ಮತ್ತು ರಾಕೆಲ್ ವಿಲಾವಿಸೆನ್ಸಿಯೋ ಮೂವರೂ ಸೇರಿ ಬರೆದ ಚಿತ್ರಕಥೆಯಾದರೋ ಗೇಟನ್ನು ದಾಟಿ ಒಳಗೆ ಹೋಗುತ್ತದೆ. ವರದಿಗೆ ಅಲಭ್ಯವಾದ ಊಟದ ಮೇಜು, ಮಲಗುವ ಕೋಣೆ, ಮಿಲಾಳ ಕನಸು ಇವೆಲ್ಲ ಚಿತ್ರದ ಸಂಪಾದನೆಗಳು. ಕನಸಿನ ಭಾಗಗಳು ತುಸು ಭಾರವಾದವೆಂಬ ಆಕ್ಷೇಪಕ್ಕೆ ಎಡೆಯಿದೆಯಾದರೂ, ಆ ಮನೆಯಲ್ಲಿ ಮಿಲಾಳಿಗೆ ಸ್ವಂತವಾದ ಸ್ಥಳ ಅದೊಂದೇ ಎಂಬುದನ್ನು ಮರೆಯುವಂತಿಲ್ಲ. ಅಲ್ಲಿಯೂ ಅವಳಿಗೆ ನೆಮ್ಮದಿಯಿಲ್ಲ.

ಮದುವೆಯ ಮಾತುಕತೆಯ ಪ್ರಸಂಗವನ್ನು ಕನ್ನಡದ ಓದುಗರು ವಿಶೇಷವಾಗಿ ಪರಿಶೀಲಿಸಬೇಕು. ಟಾಗಲಾಗ್ ಸಮಾಜದಲ್ಲಿ ವರನ ಮನೆಯವರು ವಧುವಿನ ಮನೆಗೆ ಬಂದು ಹೆಣ್ಣು ಕೇಳುವ ಸಂಪ್ರದಾಯವುಂಟು. ಅದನ್ನು ‘ಪಮನ್‌ಹಿಕಾನ್’ ಎನ್ನುತ್ತಾರೆ. ಮನೆಯ ಮೆಟ್ಟಿಲು ಹತ್ತುವುದು ಎಂಬುದು ಆ ಪದದ ಮೂಲಾರ್ಥ. ಮದುವೆಯ ಖರ್ಚು ವರನ ಕಡೆಯದು. ಆದ್ದರಿಂದ ಇಲ್ಲಿ ಹಣ ಹರಿಯುವ ದಿಕ್ಕು ನಮ್ಮ ವರದಕ್ಷಿಣೆಗೆ ವಿರುದ್ಧವಾದುದು. ಉತ್ತರ ಕರ್ನಾಟಕದ ಹಲವು ಸಮುದಾಯಗಳು ‘ತೆರ’ ಎಂದು ಕರೆಯುತ್ತಿದ್ದುದಕ್ಕೆ ಸಮೀಪವಾದುದು. ತೆರ ಪಡೆದ ತಂದೆ ಮಗಳನ್ನು ಬಿಟ್ಟುಕೊಡಬೇಕೆಂಬುದು ಪದ್ಧತಿಯ ಅಂತರಾರ್ಥ. ದಾದೋಂಗನು ತೆರವನ್ನೂ ಕೇಳುತ್ತಾನೆ, ಮಗಳನ್ನೂ ಬಿಟ್ಟುಕೊಡುವುದಿಲ್ಲ. ಅವನು ಸಂಪ್ರದಾಯದ ಪ್ರತಿನಿಧಿಯೆಂಬ ಸಾಮಾನ್ಯವಾದ ಮಾತು ಇಲ್ಲಿ ಕುಸಿಯುತ್ತದೆ. ಸಂಪ್ರದಾಯದಿಂದ ತನಗೆ ಬೇಕಾದಷ್ಟನ್ನು ಆಯ್ದುಕೊಂಡು, ಉಳಿದುದನ್ನು ಬಾಗಿಲ ಹೊರಗಿರಿಸುವ ಯಜಮಾನಿಕೆ ಅವನದು.

ಇದಕ್ಕಿಂತಲೂ ಗಂಭೀರವಾದ ಸಂಗತಿ ಕಾನೂನಿಗೆ ಸಂಬಂಧಿಸಿದುದು. ವಿಮರ್ಶಕರು ಇತ್ತ ಗಮನ ಹರಿಸಿದುದು ಕಡಿಮೆ. ಚಿತ್ರ ತೆರೆಕಂಡಾಗ ಫಿಲಿಪೀನ್ಸಿನಲ್ಲಿ ಜಾರಿಯಲ್ಲಿದ್ದುದು 1950ರ ನಾಗರಿಕ ಸಂಹಿತೆ. ಅದರಲ್ಲಿ ವಯಸ್ಕತನದ ಮಿತಿ 21 ವರ್ಷ. ಆದರೆ 21 ದಾಟಿ 23 ತುಂಬದ ಮಗಳು ತಾನು ಯಾರೊಡನೆ ವಾಸಿಸುತ್ತಿರುವಳೋ ಆ ತಂದೆ ಅಥವಾ ತಾಯಿಯ ಒಪ್ಪಿಗೆಯಿಲ್ಲದೆ ಮನೆ ಬಿಡುವಂತಿಲ್ಲವೆಂದು ಅದರ 403ನೆಯ ವಿಧಿ ಹೇಳುತ್ತಿತ್ತು. ಮಗನಿಗೆ ಇಂತಹ ಕಟ್ಟಳೆಯಿರಲಿಲ್ಲ. ವಿನಾಯಿತಿಗಳು ಕೆಲವೇ: ಮದುವೆಯಾಗಿ ಹೋಗುವುದು, ವೃತ್ತಿಯನ್ನು ಕೈಗೊಳ್ಳುವುದು, ಅಥವಾ ತಂದೆ ಇಲ್ಲವೆ ತಾಯಿ ಮರುಮದುವೆಯಾಗಿರುವುದು. ಮಿಲಾಳ ವಯಸ್ಸು ಎಷ್ಟೆಂಬುದು ಇಲ್ಲಿ ಮುಖ್ಯವಲ್ಲ. ಆ ವಿಧಿಯ ಹಿಂದಿನ ಕಲ್ಪನೆ ಮುಖ್ಯ. ಹೆಣ್ಣು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗುವವಳೇ ಹೊರತು ಸ್ವತಂತ್ರವಾಗಿ ಹೊರನಡೆಯುವವಳಲ್ಲ. ಮಿಲಾ ನೌಕರಿಯಲ್ಲಿದ್ದಾಳೆ, ಆದರೆ ಸಂಜೆಗೆ ಮನೆ ಸೇರಲೇಬೇಕು. ಉಳಿದ ದಾರಿಯೆಂದರೆ ಮದುವೆ. ಗರ್ಭಿಣಿಯಾಗಿರುವೆನೆಂಬ ಮಾತನ್ನು ಅವಳು ಉಚ್ಚರಿಸುವುದು ತಪ್ಪೊಪ್ಪಿಗೆಯ ಧ್ವನಿಯಲ್ಲಲ್ಲ; ಬಾಗಿಲು ತೆರೆಯಲು ಕೈಲಿರುವ ಒಂದೇ ಕೀಲಿಯನ್ನು ಬಳಸುವವಳಂತೆ ಎಂದು ನಮಗೆ ತೋರುತ್ತದೆ. ತಂದೆ ಮಾಡುವುದೇನೆಂದರೆ, ಬಾಗಿಲನ್ನು ತೆರೆದು ಅಳಿಯನನ್ನು ಒಳಗೆ ಬರಮಾಡಿಕೊಂಡು ಮತ್ತೆ ಬೀಗವಿಕ್ಕುವುದು. 1987ರಲ್ಲಿ ಕುಟುಂಬ ಸಂಹಿತೆ ಬಂದು ಹಳೆಯ ವಿಧಿಗಳು ಹಿಂದೆ ಸರಿದವು. ಮಹಿಳೆಯರು ಮತ್ತು ಮಕ್ಕಳ ಮೇಲಣ ದೌರ್ಜನ್ಯದ ವಿರುದ್ಧ ಪ್ರತ್ಯೇಕ ಕಾಯಿದೆಯಾಗಲು 2004ರವರೆಗೆ ಕಾಯಬೇಕಾಯಿತು. ಮಾರ್ಕೋಸ್ ದೇಶ ಬಿಟ್ಟು ಓಡಿದುದು 1986ರಲ್ಲಿ. ಮನೆಯ ಕಾಲಮಾನವೂ ದೇಶದ ಕಾಲಮಾನವೂ ಒಂದೇ ಅಲ್ಲವೆಂಬುದಕ್ಕೆ ಈ 18 ವರ್ಷಗಳ ಅಂತರವೇ ಸಾಕ್ಷಿ.

ಟಾಗಲಾಗ್‌ನಲ್ಲಿ ‘ಬಾಂತಾಯ್ ಸಲಾಕಾಯ್’ ಎಂಬ ನುಡಿಗಟ್ಟಿದೆ. ಕಾವಲಿಗಿಟ್ಟವನೇ ದಾಳಿ ಮಾಡಿದಂತೆ ಎಂದು ಅದರ ತಾತ್ಪರ್ಯ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಗೆ ಇಷ್ಟು ಹತ್ತಿರವಾದ ಸಮಾನೋಕ್ತಿ ಇನ್ನೊಂದು ದೊರೆಯದು. ಪೊಲೀಸ್ ಆಗಿದ್ದವನನ್ನು ಇಂತಹ ತಂದೆಯಾಗಿ ಕಾಣಿಸಿದಾಗ ಆ ನುಡಿಗಟ್ಟಿನ ಎರಡೂ ಅರ್ಥಗಳು, ಸಾರ್ವಜನಿಕವಾದುದು ಮತ್ತು ಖಾಸಗಿಯಾದುದು, ಏಕಕಾಲದಲ್ಲಿ ಜೀವ ಪಡೆಯುತ್ತವೆ. ವಿಕ್ ಸಿಲಾಯಾನ್ ಅವರ ಅಭಿನಯದ ಬಲವಿರುವುದು ಅಬ್ಬರದಲ್ಲಲ್ಲ. ಈ ದಾದೋಂಗ್ ಅತಿಥಿಗೆ ಕುಡಿಯಲು ಕೊಡುತ್ತಾನೆ, ನಗುತ್ತಾನೆ, ತಾನು ಸಾಕಿದ ಹುಳುಗಳನ್ನು ಅಳಿಯನಿಗೆ ಹೆಮ್ಮೆಯಿಂದ ತೋರಿಸುತ್ತಾನೆ. ಭೀತಿ ಹುಟ್ಟುವುದು ಅವನು ರೇಗಿದಾಗಲ್ಲ, ಸುಮ್ಮನಿದ್ದಾಗ. ನಮ್ಮ ಜನಪ್ರಿಯ ಚಿತ್ರಗಳ ಕಠೋರ ತಂದೆಯರು ಕೊನೆಯ ರೀಲಿನಲ್ಲಿ ಕಣ್ಣೀರಿಟ್ಟು ಕರಗಿಬಿಡುವುದನ್ನು ನೋಡಿ ಅಭ್ಯಾಸವಾದವರಿಗೆ ಈ ಪಾತ್ರ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಆದರೂ ಚಿತ್ರದ ಅತ್ಯಂತ ಕಠಿಣವಾದ ಪಾತ್ರ ತಂದೆಯದಲ್ಲ, ತಾಯಿಯದು. ಚಾರಿಟೋ ಸೋಲಿಸ್ ಅಭಿನಯಿಸಿರುವ ಅದೇಲಿನಾ ಎಲ್ಲವನ್ನೂ ಬಲ್ಲವಳು. ಅವಳು ಗಂಡನ ಬಲಿಪಶುವೂ ಹೌದು, ಅವನ ಆಜ್ಞೆಗಳನ್ನು ಮಗಳಿಗೆ ಮುಟ್ಟಿಸುವವಳೂ ಹೌದು. ರಾಜಕೀಯ ರೂಪಕದ ವ್ಯಾಖ್ಯಾನ ಅವಳ ಮುಂದೆ ತಡವರಿಸುತ್ತದೆ. ಅವಳನ್ನು ‘ಮೌನ ವಹಿಸಿದ ಜನತೆ’ ಎಂದು ಕರೆದು ಮುಂದೆ ಸಾಗುತ್ತದೆ. ಜನತೆ ಮೌನವಾಗಿದ್ದರೆ ಅದಕ್ಕೆ ಭಯವೊಂದೇ ಕಾರಣವೆನ್ನಬಹುದು. ಅದೇಲಿನಾಳ ಮೌನದಲ್ಲಿ ಭಯ, ನಾಚಿಕೆ, ಅಭ್ಯಾಸ, ಮಗಳ ಮೇಲಣ ಪ್ರೀತಿ, ಪ್ರಾಯಶಃ ಮಗಳ ಮೇಲಣ ಅಸೂಯೆ ಸಹ ಹೆಣೆದುಕೊಂಡಿವೆ. ಆಶಿಸ್ ನಂದಿಯವರಂತಹವರು ಗುರುತಿಸಿದ ಆತ್ಮೀಯ ಶತ್ರುವಿನ ಪರಿಕಲ್ಪನೆ ವಸಾಹತಿಗೆ ಸಂಬಂಧಿಸಿದುದು. ಈ ಮನೆಯಲ್ಲಿ ಅದರ ಇನ್ನೊಂದು ರೂಪವಿದೆಯೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ಇಲ್ಲಿ ನೆನೆಯುವುದು ಸಹಜ. ಅಲ್ಲಿಯೂ ಗರ್ಭಿಣಿಯಾದ ಮಗಳಿದ್ದಾಳೆ, ತಂದೆಯಿದ್ದಾನೆ. ಬದುಕಿರುವ ಮಗಳಿಗೆ ಉಡುಪರು ಮಾಡುವ ಶ್ರಾದ್ಧ ಅವಳನ್ನು ಹೊರಕ್ಕೆ ತಳ್ಳುವ ಹಿಂಸೆ. ದಾದೋಂಗನದು ಹೊರಗೆ ಬಿಡದಿರುವ ಹಿಂಸೆ. ಅಗ್ರಹಾರದ ತಂದೆಯ ಹಿಂದೆ ಶಾಸ್ತ್ರ, ಸಮುದಾಯ, ಮಠ ಇವೆ. ಅವನೂ ಅವುಗಳಿಗೆ ಅಂಜುತ್ತಾನೆ. ಮನಿಲಾದ ತಂದೆ ಯಾರಿಗೂ ಅಂಜುವುದಿಲ್ಲ. ಪಾದ್ರಿಯಾಗಲಿ ನೆರೆಹೊರೆಯಾಗಲಿ ಅವನ ಗೇಟಿನ ಹೊರಗಿನವರು. ಎರಡೂ ಚಿತ್ರಗಳು ಈಚೆಗೆ ದುರಸ್ತಿಗೊಂಡ ಪ್ರತಿಗಳಲ್ಲಿ ಮರಳಿ ಬಂದಿವೆ. ‘ಕಿಸಾಪ್‌ಮಾತಾ’ 2020ರಲ್ಲಿ ಇಟಲಿಯ ಬೊಲೋನ್ಯ ನಗರದ ಚಿತ್ರಾಗಾರದ ಮೂಲಕ, ನಿರ್ದೇಶಕರ ಸಹಕಾರದಿಂದ ದುರಸ್ತಿಯಾಯಿತು. ‘ಘಟಶ್ರಾದ್ಧ’ದ ದುರಸ್ತಿಯಾದ ಪ್ರತಿ 2024ರಲ್ಲಿ ವೆನಿಸ್‌ನಲ್ಲಿ ಪ್ರದರ್ಶನಗೊಂಡಿತು. ಡಿ ಲಿಯೋನ್ 2025ರ ಆಗಸ್ಟ್‌ನಲ್ಲಿ ನಿಧನರಾದರು. ಇವೆರಡನ್ನೂ ಒಟ್ಟಿಗಿರಿಸಿ ಅಧ್ಯಯನ ಮಾಡಲು ಹೊರನಾಡಿನ ಸಂಶೋಧಕರಿಗೆ ಈಗ ಹಿಂದಿನ ಅಡಚಣೆಗಳಿಲ್ಲ.

ಹಾಗೆ ಮಾಡುವವರಿಗೆ ಭಾಷೆಯ ತೊಡಕೊಂದು ಎದುರಾಗುತ್ತದೆ. ಶೀರ್ಷಿಕೆಯಲ್ಲಿ ತೊಂದರೆಯಿಲ್ಲ: ‘ಕಿಸಾಪ್’ ಎಂದರೆ ಎವೆಯಿಕ್ಕುವುದು, ‘ಮಾತಾ’ ಎಂದರೆ ಕಣ್ಣು, ನಮ್ಮ ‘ನಿಮಿಷ’ ಪದದ ಮೂಲಾರ್ಥವೂ ಅದೇ. ತೊಡಕಿರುವುದು ‘ಪೋ’ ಎಂಬ ಗೌರವಸೂಚಕ ಅವ್ಯಯದಲ್ಲಿ. ಟಾಗಲಾಗ್ ಮಾತನಾಡುವ ಮಕ್ಕಳು ಹಿರಿಯರೊಡನೆ ಆಡುವ ಮಾತಿನಲ್ಲಿ ಅದು ಮತ್ತೆಮತ್ತೆ ಬರುತ್ತದೆ. ತಂದೆಗೂ ಸಲ್ಲುತ್ತದೆ, ತಾಯಿಗೂ ಸಲ್ಲುತ್ತದೆ. ಇಂಗ್ಲಿಷ್ ಉಪಶೀರ್ಷಿಕೆಗಳಲ್ಲಿ ಅದು ಪೂರ್ತಿಯಾಗಿ ಕಳೆದುಹೋಗುತ್ತದೆ. ಕನ್ನಡದಲ್ಲಿ ತಂದೆಗೆ ‘ನೀವು’ ಎಂದರಾಯಿತು. ಆದರೆ ತಂದೆಗೆ ‘ನೀವು’, ತಾಯಿಗೆ ‘ನೀನು’ ಎನ್ನುವುದು ನಮ್ಮ ಅನೇಕ ಮನೆಗಳ ರೂಢಿ. ಮಿಲಾಳ ಬಾಯಲ್ಲಿ ಅದೇಲಿನಾಳನ್ನು ಕುರಿತು ‘ನೀನು’ ಎಂದು ಹೇಳಿಸಿದರೆ, ಚಿತ್ರವು ಕೊನೆಯವರೆಗೂ ಆ ಇಬ್ಬರಿಗೆ ಕೊಡದೆ ತಡೆಹಿಡಿದಿರುವ ಸಲಿಗೆಯನ್ನು ಅನುವಾದಕನು ಕೊಟ್ಟಂತಾಗುತ್ತದೆ. ‘ನೀವು’ ಎಂದರೆ ತಾಯಿಯೂ ಗೇಟಿನ ಕಾವಲಿಗೆ ನಿಂತವಳಾಗಿಬಿಡುತ್ತಾಳೆ.