ರಕ್ತಪ್ರವಾಹವೂ ನರಕೋಶವೂ: ಒಂದು ಹಳೆಯ ಪ್ರಬಂಧದ ವಿಮರ್ಶೆ

ಮಿದುಳಿನ ಯಾವ ಭಾಗವು ದುಡಿಯುವುದೋ ಆ ಭಾಗಕ್ಕೆ ರಕ್ತವು ಹೆಚ್ಚಾಗಿ ಹರಿಯುವುದೆಂಬ ತತ್ತ್ವಕ್ಕೆ, ಕೇಂಬ್ರಿಜ್ಜಿನ ರಾಯ್ ಮತ್ತು ಷೆರಿಂಗ್ಟನ್ ಅವರು 1890ರಲ್ಲಿ ಪ್ರಕಟಿಸಿದ ಪ್ರಬಂಧವೇ ಮೂಲವೆಂದು ಪ್ರತೀತಿ. ಈ ಪ್ರಶಂಸೆಯು ಪರಿಶೀಲನಾರ್ಹವಾದುದು. ನಾಯಿ ಮೊದಲಾದ ಪ್ರಾಣಿಗಳಲ್ಲಿ ಅವರು ಅಳೆದುದು ಮಿದುಳಿನ ಉಬ್ಬುವಿಕೆಯನ್ನೇ ಹೊರತು ನರಕೋಶಗಳ ವ್ಯಾಪಾರವನ್ನಲ್ಲ. ಮಿದುಳಿನ ದುಡಿಮೆಯಿಂದ ಹುಟ್ಟುವ ರಾಸಾಯನಿಕ ವಸ್ತುಗಳು ನಾಳಗಳನ್ನು ಹಿಗ್ಗಿಸುವುವೆಂಬುದು ಅವರ ಅನುಮಾನ. 1896ರಲ್ಲಿ ಲೆನರ್ಡ್ ಹಿಲ್ ಇದನ್ನು ಅಲ್ಲಗಳೆದರು; ಹಲವು ದಶಕಗಳ ಕಾಲ ಆ ಮಾತಿಗೇ ಮನ್ನಣೆಯಿದ್ದಿತು.

ಮುಂದಿನ ಸಂಶೋಧನೆಗಳು ಹಳೆಯ ಅನುಮಾನವನ್ನು ಬಹುಮಟ್ಟಿಗೆ ಎತ್ತಿಹಿಡಿದುವು ನಿಜ. ಆದರೆ 1986ರಲ್ಲಿ ಫಾಕ್ಸ್ ಮತ್ತು ರೈಕ್ಲ್ ಮನುಷ್ಯರಲ್ಲಿ ಪರೀಕ್ಷಿಸಿದಾಗ, ರಕ್ತಪ್ರವಾಹವು ಶೇ. 29ರಷ್ಟು ಏರಿದೆಡೆ ಆಮ್ಲಜನಕದ ಬಳಕೆ ಏರಿದುದು ಶೇ. 5ರಷ್ಟು ಮಾತ್ರ. ಕೊತ್ತಗೆರೆಯ ಸೀಮೆಯ ರೈತನಿಗೆ ಇದು ಸೋಜಿಗವೆನಿಸದು: ತೂಬೆತ್ತಿದರೆ ಕಾಲುವೆ ತುಂಬುವುದು; ಕಾಲುವೆಯ ನೀರನ್ನಳೆದು ಪೈರು ಕುಡಿದುದೆಷ್ಟೆಂದು ಹೇಳಲಾಗದು. ಇಂದು ಮಿದುಳಿನ ಬಣ್ಣದ ಚಿತ್ರಗಳನ್ನು ಕಂಡು, ಇದೇ ಆಲೋಚನೆಯ ರೂಪವೆನ್ನುವವರು ಈ ಅಂತರವನ್ನು ಮರೆಯುತ್ತಾರೆ.

ಚರಿತ್ರೆಯ ವಿದ್ಯಾರ್ಥಿಗೆ ಇಲ್ಲೊಂದು ಪಾಠವಿದೆ. ತೀರ್ಮಾನವು ಮುಂದೆ ಸರಿಯೆನಿಸಿತೆಂಬ ಮಾತ್ರಕ್ಕೆ, ಅಂದಿನ ಸಾಕ್ಷ್ಯವು ಪೂರ್ಣವಾಗಿದ್ದಿತೆಂದು ಬಗೆಯಲಾಗದು. ಆ ಇಬ್ಬರಿಗೆ ಸಲ್ಲಬೇಕಾದ ಗೌರವವು ಅವರ ಧೀರವಾದ ಊಹೆಗೆ. ಸಿದ್ಧಪಡಿಸಿದರೆಂಬ ಕೀರ್ತಿಯು ಅನಂತರದವರದು.