ಗಣಕಯಂತ್ರದ ನಿದ್ರೆ: ಒಂದು ಶಬ್ದವಿಮರ್ಶೆ

ಚೌಟ ಅರಸರಾಳಿದ ಪುತ್ತಿಗೆ, ಮೂಡಬಿದಿರೆಗಳ ಜೈನಪರಂಪರೆಗೆ ಭರತ ಚಕ್ರವರ್ತಿಯ ಕಥೆ ಚಿರಪರಿಚಿತವಾದುದು. ಪಂಪನ ಆದಿಪುರಾಣದಲ್ಲಿ (ಕ್ರಿ. ಶ. 941) ಆತನಿಗೆ ಏಕಕಾಲದಲ್ಲಿ ಮೂರು ವಾರ್ತೆಗಳು ಬರುತ್ತವೆ: ತಂದೆಗೆ ಕೇವಲಜ್ಞಾನೋತ್ಪತ್ತಿ, ಆಯುಧಾಗಾರದಲ್ಲಿ ಚಕ್ರರತ್ನೋದಯ, ಪುತ್ರಜನನ. ಧರ್ಮವೇ ಮೊದಲೆಂದು ಬಗೆದು ಭರತನು ಜಿನಪೂಜೆಗೆ ತೆರಳುತ್ತಾನೆ. ಉಳಿದೆರಡು ವಾರ್ತೆಗಳು ಶ್ರುತವಾದವು, ಕೃತವಾಗಲಿಲ್ಲ. ಗಣಕಯಂತ್ರದ ವಿಷಯದಲ್ಲಿ ರೂಢವಾಗಿರುವ ‘ನಿದ್ರೆ’ ಎಂಬ ಶಬ್ದವು ಮರೆಮಾಡುವುದು ಈ ಅಂತರವನ್ನೇ.

ಮಲಗಿದವನು ಕೂಗಿದರೆ ಏಳುವಂತೆ ಯಂತ್ರವೂ ಕೀಲಿಯೊತ್ತಿದೊಡನೆ ಏಳುವುದು. ಇಷ್ಟರಮಟ್ಟಿಗೆ ಉಪಮೆ ಸಾಧುವೇ. ನಿದ್ರೆಗೆ ಜಾರುವ ಕ್ಷಣದಲ್ಲಿ ಬಂದ ಕರೆಯ ಗತಿಯೇನು? ಕೀಲಿಯ ಸುದ್ದಿಯನ್ನು ಮೊದಲು ಕರ್ನೆಲ್ ಎಂಬ ಮೂಲತಂತ್ರಾಂಶವು ಸಾಲಿನಲ್ಲಿಡುತ್ತದೆ. ಅದನ್ನು ಬಳಕೆಯ ತಂತ್ರಾಂಶವು ಓದುವುದು ಅನಂತರ. ನಡುವೆ ಯಂತ್ರವು ಮಲಗಿದರೆ, ಮತ್ತೊಂದು ಕಾರಣದಿಂದ ಏಳುವವರೆಗೆ ಆ ಕರೆಗೆ ಉತ್ತರವಿಲ್ಲ.

ಲಿನಕ್ಸ್ ತಂತ್ರಾಂಶದಲ್ಲಿ ಇದಕ್ಕೆ ಎರಡು ಪರಿಹಾರಗಳು ಕಾಣುತ್ತವೆ. 2010ರ ಕ್ರಮದಲ್ಲಿ, ಮಲಗಿಸಬಯಸುವ ತಂತ್ರಾಂಶವು ಎಚ್ಚರಿಕೆಯ ಘಟನೆಗಳ ಎಣಿಕೆಯನ್ನೋದಿ ಅದನ್ನೇ ಮರಳಿ ಬರೆಯಬೇಕು. ಅಷ್ಟರಲ್ಲಿ ಎಣಿಕೆ ಬದಲಾಗಿದ್ದರೆ ನಿದ್ರೆಗೆ ಅನುಮತಿಯಿಲ್ಲ. ಬಾಗಿಲು ಮುಚ್ಚುವ ಮುನ್ನ ಹೊರಗಿರುವವರನ್ನು ಇನ್ನೊಮ್ಮೆ ಎಣಿಸುವ ದ್ವಾರಪಾಲಕನ ವಿವೇಕವಿದು. 2012ರಲ್ಲಿ ಬಂದ ಈಪೋಲ್‌ವೇಕಪ್ ಎಂಬ ಸಂಜ್ಞೆಯು ಇನ್ನೂ ಸೂಕ್ಷ್ಮವಾದುದು. ವಾರ್ತೆಯನ್ನು ಪಡೆದ ತಂತ್ರಾಂಶವು ಮತ್ತೆ ಬಂದು ‘ಮುಂದೇನು?’ ಎಂದು ಕೇಳುವವರೆಗೆ ಯಂತ್ರವು ಮಲಗಕೂಡದು. ಸ್ವೀಕಾರವನ್ನೇ ಸಮಾಪ್ತಿಯೆಂದು ಭಾವಿಸದಿರುವುದು ಇದರ ಹಿರಿಮೆ.

ಆದರೆ ತಾರ್ಕಿಕರು ಸುಮ್ಮನಿರಲಾರರು. ಮರಳಿ ಕೇಳಿದ ಮಾತ್ರಕ್ಕೆ ಕೆಲಸ ಮುಗಿಯಿತೆಂಬುದು ವ್ಯಭಿಚಾರಿಯಾದ ಹೇತು. ಕೆಲಸವನ್ನು ಬೇರೆಯವರಿಗೊಪ್ಪಿಸಿ ಬಂದು ಕೇಳಿರಲೂಬಹುದು. ಹಾಗಿದ್ದಲ್ಲಿ ತಂತ್ರಾಂಶವು ಎಚ್ಚರವನ್ನು ತಾನೇ ಬೇರೆಯಾಗಿ ಹಿಡಿದಿರತಕ್ಕದ್ದು. ಇನ್ನು ಎಂದೂ ಮರಳದ ತಂತ್ರಾಂಶವು ಬ್ಯಾಟರಿಯನ್ನು ಬರಿದುಮಾಡುವುದು. ಈ ಅಧಿಕಾರವನ್ನು ಎಲ್ಲಕ್ಕೂ ಕೊಡದೆ ವಿಶೇಷಾನುಮತಿಯುಳ್ಳವಕ್ಕೆ ಮಾತ್ರ ಕೊಟ್ಟಿರುವುದು ಯುಕ್ತವಾಗಿದೆ.

ಪಠ್ಯಕಾರರು ನಿದ್ರಾಶಬ್ದವನ್ನು ತ್ಯಜಿಸಬೇಕಾದುದಿಲ್ಲ. ಶ್ರುತವಾಗಿಯೂ ಕೃತವಾಗದ ಸ್ಥಿತಿಗೆ ಮಾತ್ರ ಪ್ರತ್ಯೇಕವಾದೊಂದು ಹೆಸರು ಬೇಕು. ಅದಕ್ಕಾಗಿ ದೀರ್ಘಸಮಾಸವನ್ನು ಕಟ್ಟುವ ಶ್ರಮವೇಕೆ? ಕಚೇರಿಯ ‘ಬಾಕಿ’ ಎಂಬ ಮಾತೇ ಸಾಕು.