ಗುರಿಯೂ ಗುರುತೂ

ಉರ್ದುವಿನಲ್ಲಿ 'ನಿಶಾನಾ' ಎಂದರೆ ಗುರಿ. ಅದೇ ಬೇರಿನಿಂದ ಕನ್ನಡಕ್ಕೆ ಬಂದ 'ನಿಶಾನೆ' ಎಂದರೆ ಸಂಕೇತ, ಬಾವುಟ. ರೈಲಿಗೂ ಯೋಜನೆಗಳಿಗೂ ನಾವು ಹಸಿರು ನಿಶಾನೆ ತೋರಿಸುತ್ತೇವೆ. ಎರಡೂ ಭಾಷೆಗಳನ್ನು ಶಾಲೆಯಲ್ಲಿ ಕಲಿತ ನಮಗೆ ಈ ಎರಡು ಪದಗಳ ನಡುವೆ ಎಷ್ಟು ಕಡಿಮೆ ಅಂತರವಿದೆ ಎಂದು ತಿಳಿದದ್ದು ಪುಸ್ತಕದಿಂದಲ್ಲ, ಪತ್ರಿಕೆಯ ಸುದ್ದಿಗಳಿಂದ. ನಾಕಾಬಂದಿಯಲ್ಲಿ ನಿಂತ ಪೊಲೀಸ್ ಪೇದೆ ಟಾರ್ಚು ಬೀಸಿ ನಿಲ್ಲೆಂದು ನಿಶಾನೆ ಮಾಡುತ್ತಾನೆ. ವಾಹನ ನಿಲ್ಲುವುದಿಲ್ಲ. ಮರುಕ್ಷಣದಲ್ಲಿ ಅದರೊಳಗಿದ್ದವನು ನಿಶಾನಾ ಆಗಿಬಿಡುತ್ತಾನೆ.

ನಾವು ಕಥೆ ಬರೆಯುವವರು. ಹಾಗಾಗಿ ಇಂಥ ಘಟನೆಯ ಮರುದಿನ ಬರುವ ವರದಿಯನ್ನು ಒಂದು ಕಥೆಯಂತೆಯೂ ಓದುವ ಅಭ್ಯಾಸ ನಮಗಿದೆ. ಊರು ಬೇರೆ, ಹೆಸರು ಬೇರೆ, ಕಥೆ ಮಾತ್ರ ಒಂದೇ. ಖಚಿತ ಮಾಹಿತಿಯ ಮೇರೆಗೆ ಪೊಲೀಸರು ರಸ್ತೆಯಲ್ಲಿ ಕಾದಿರುತ್ತಾರೆ. ವಾಹನ ಬರುತ್ತದೆ. ನಿಲ್ಲಿಸುವಂತೆ ಸೂಚಿಸಲಾಗುತ್ತದೆ. ಒಳಗಿದ್ದವರು ಗುಂಡು ಹಾರಿಸುತ್ತಾರೆ, ಇಲ್ಲವೇ ಪೊಲೀಸರ ಮೇಲೆಯೇ ವಾಹನ ಹತ್ತಿಸಲು ಯತ್ನಿಸುತ್ತಾರೆ. ಆತ್ಮರಕ್ಷಣೆ ಅನಿವಾರ್ಯವಾಗುತ್ತದೆ. ಕೊನೆಗೆ ಸ್ಥಳದಲ್ಲಿ ಒಂದು ಪಿಸ್ತೂಲು ಸಿಗುತ್ತದೆ. ಈ ಕಥೆಯ ವ್ಯಾಕರಣವನ್ನು ಗಮನಿಸಿ. ಸತ್ತವನು ಎಲ್ಲ ಕ್ರಿಯಾಪದಗಳಿಗೂ ಕರ್ತೃ: ಅವನು ನುಗ್ಗಿದ, ಹಾರಿಸಿದ, ಪರಾರಿಯಾಗಲು ನೋಡಿದ. ಪೊಲೀಸರ ಗುಂಡಿಗೆ ಮಾತ್ರ ಕರ್ತೃವೇ ಇಲ್ಲ. 'ಗುಂಡು ಹಾರಿಸಲಾಯಿತು', 'ಗುಂಡು ತಗುಲಿ ಮೃತಪಟ್ಟ'. ಟ್ರಿಗರ್ ಒತ್ತಿದ ಬೆರಳು ಯಾರದು, ಒತ್ತಬೇಕೆಂದು ತೀರ್ಮಾನಿಸಿದವರು ಯಾರು ಎಂಬುದು ವಾಕ್ಯದೊಳಗೆ ಎಲ್ಲಿಯೂ ಕಾಣಿಸುವುದಿಲ್ಲ. ಇಂಥ ವರದಿಗಳೆಲ್ಲವೂ ಸುಳ್ಳು ಎಂದು ನಾವು ಹೇಳುತ್ತಿಲ್ಲ. ತಪಾಸಣೆಗೆ ನಿಂತ ಪೊಲೀಸರು ವಾಹನಗಳಡಿ ಸಿಕ್ಕಿ ಸತ್ತದ್ದೂ ಇದೆ. ನಮ್ಮ ತಕರಾರು ಇಷ್ಟೇ: ನಿಜವನ್ನೂ ಸುಳ್ಳನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದರೆ ಓದುಗನು ಅವೆರಡನ್ನು ಬೇರ್ಪಡಿಸುವುದಾದರೂ ಹೇಗೆ?

ಈ ಅಚ್ಚು ಒಮ್ಮೆ ಒಡೆದು ಬಿದ್ದದ್ದು ದೇಶದ ರಾಜಧಾನಿಯ ನಟ್ಟನಡುವೆ. 1997ರ ಮಾರ್ಚ್ 31ರ ಮಧ್ಯಾಹ್ನ ದೆಹಲಿಯ ಕನಾಟ್ ಪ್ಲೇಸ್ ಬಳಿ, ಬಾರಾಖಂಬಾ ರಸ್ತೆಯಲ್ಲಿ, ನೀಲಿ ಬಣ್ಣದ ಒಂದು ಮಾರುತಿ ಎಸ್ಟೀಮ್ ಕಾರು ಕೆಂಪು ದೀಪಕ್ಕೆ ನಿಂತಿತ್ತು. ದೆಹಲಿ ಪೊಲೀಸ್ ಕ್ರೈಮ್ ಬ್ರಾಂಚಿನ ತಂಡವೊಂದು, ಸಹಾಯಕ ಕಮಿಷನರ್ ದರ್ಜೆಯ ಅಧಿಕಾರಿಯ ನೇತೃತ್ವದಲ್ಲಿ, ಅದನ್ನು ಸುತ್ತುವರಿದು ಗುಂಡಿನ ಮಳೆ ಸುರಿಸಿತು. ಒಳಗಿದ್ದ ಇಬ್ಬರು ವ್ಯಾಪಾರಿಗಳು ಸತ್ತರು. ಮೂರನೆಯವನು ಗಾಯಗೊಂಡು ಬದುಕುಳಿದ. ತಂಡವು ಬೆನ್ನು ಹತ್ತಿದ್ದು ಉತ್ತರಪ್ರದೇಶದ ಪಾತಕಿಯೊಬ್ಬನನ್ನು. ಅವನ ಹೆಸರು ಯಾಸೀನ್. ಕಾರಿನೊಳಗೆ ಅವನು ಇರಲೇ ಇಲ್ಲ.

ಆಮೇಲೆ ಅದೇ ಹಳೆಯ ಕಥೆ ಬಂತು. ಕಾರಿನೊಳಗಿಂದ ಮೊದಲು ಗುಂಡು ಹಾರಿತಂತೆ, ಕಾರಿನಲ್ಲಿ ಪಿಸ್ತೂಲು ಸಿಕ್ಕಿತಂತೆ. ಪ್ರಕರಣ ಸಿಬಿಐ ಕೈಗೆ ಹೋಯಿತು. ಕಮಿಷನರರ ವರ್ಗಾವಣೆಯಾಯಿತು. ಒಳಗಿನಿಂದ ಗುಂಡು ಹಾರಿರಲಿಲ್ಲ, ಪಿಸ್ತೂಲನ್ನು ಆಮೇಲೆ ತಂದಿಡಲಾಗಿತ್ತು ಎಂದು ನ್ಯಾಯಾಲಯ ಕಂಡುಕೊಂಡಿತು. 2007ರ ಅಕ್ಟೋಬರಿನಲ್ಲಿ 10 ಮಂದಿ ಪೊಲೀಸರಿಗೆ ಜೀವಾವಧಿ ಶಿಕ್ಷೆಯಾಯಿತು. 2009ರಲ್ಲಿ ದೆಹಲಿ ಹೈಕೋರ್ಟ್, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದವು. ಸದುದ್ದೇಶದಿಂದ ಕರ್ತವ್ಯ ಮಾಡುವಾಗ ಅಧಿಕಾರದ ಎಲ್ಲೆ ಮೀರಿತು ಎಂಬ ವಾದವೂ ನಿಲ್ಲಲಿಲ್ಲ. 14 ವರ್ಷಗಳ ನಂತರವಾದರೂ ನ್ಯಾಯ ಸಿಕ್ಕಿತೆಂದು ದೇಶ ನಿಟ್ಟುಸಿರು ಬಿಟ್ಟಿತು.

ನಮಗೆ ಮಾತ್ರ ಆ ನಿಟ್ಟುಸಿರು ಪೂರ್ತಿ ಹೊರಬರಲಿಲ್ಲ. ಈ ಪ್ರಕರಣದ ಬಗ್ಗೆ ಬರೆದವರೆಲ್ಲ ಒಂದು ಮಾತನ್ನು ತಪ್ಪದೆ ಬಳಸುತ್ತಾರೆ. 'ಗುರುತು ತಪ್ಪಿ ನಡೆದ ಗುಂಡಿನ ದಾಳಿ.' ಮೇಲ್ನೋಟಕ್ಕೆ ಮಾತು ಸರಿಯೇ. ಆದರೆ ಗುರುತು ತಪ್ಪಿತು ಎಂಬುದೇ ಅಪರಾಧವಾದರೆ, ಗುರುತು ಸರಿಯಾಗಿದ್ದಿದ್ದರೆ? ಕೆಂಪು ದೀಪಕ್ಕೆ ನಿಂತ ಆ ಕಾರಿನಲ್ಲಿ ನಿಜಕ್ಕೂ ಯಾಸೀನನೇ ಕುಳಿತಿದ್ದಿದ್ದರೆ? ಅವನೂ ಗುಂಡು ಹಾರಿಸದೆ ಸುಮ್ಮನೆ ಕುಳಿತಿದ್ದರೆ? ಆಗ ಆ ಪಿಸ್ತೂಲು ಎಲ್ಲಿಂದ ಬಂತೆಂದು ಯಾರು ಕೇಳುತ್ತಿದ್ದರು? ಸಿಬಿಐ ಬರುತ್ತಿತ್ತೇ? ನಮ್ಮ ಅನುಮಾನವೆಂದರೆ, ಅದೇ ಗುಂಡುಗಳಿಗೆ ಪದಕ ಸಿಗುತ್ತಿತ್ತು, ಮರುದಿನ ನಾವೂ ಕಾಫಿ ಕುಡಿಯುತ್ತಾ ಆ ಸುದ್ದಿ ಓದಿ ಪುಟ ತಿರುಗಿಸುತ್ತಿದ್ದೆವು. ಅಲ್ಲಿ ನಡೆದ ಅಪರಾಧವೆಂದರೆ ನಿಂತಿದ್ದ ಕಾರಿನವರನ್ನು ಕೆಳಗಿಳಿಸದೆ, ಯಾರೆಂದು ವಿಚಾರಿಸದೆ ಕೊಂದದ್ದು. ಒಳಗಿದ್ದವನ ಹೆಸರು ಬದಲಾದರೆ ಆ ಅಪರಾಧ ಬದಲಾಗುವುದಿಲ್ಲ. ಸಾರ್ವಜನಿಕ ಸಂವೇದನೆ ಮಾತ್ರ ಬದಲಾಗುತ್ತದೆ.

ಪ್ರತಿ ಘಟನೆಯ ನಂತರ ತಜ್ಞರೊಬ್ಬರು ಬಂದು ಪೊಲೀಸರಿಗೆ ಗುರಿಯ ತರಬೇತಿ ಸಾಲದು ಎನ್ನುತ್ತಾರೆ. ಟೈರಿಗೆ ಹೊಡೆಯಬೇಕಿತ್ತು, ಕಾಲಿಗೆ ಹೊಡೆಯಬೇಕಿತ್ತು ಎಂಬ ಸಲಹೆಗಳೂ ಬರುತ್ತವೆ. ಇದು ಸಿನಿಮಾ ನೋಡಿ ಕಲಿತ ವಿದ್ಯೆ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದಾಟುತ್ತದೆ. ಫೈರಿಂಗ್ ರೇಂಜಿನಲ್ಲಿ ಪೇದೆ ಹೊಡೆಯುವುದು ನಿಂತ ಗುರಿಗೆ, ಗೊತ್ತಿರುವ ದೂರದಿಂದ, ಹಗಲಿನಲ್ಲಿ. ರಸ್ತೆಯಲ್ಲಿ ಕತ್ತಲೆ, ಹೆಡ್‌ಲೈಟಿನ ಬೆಳಕು ಕಣ್ಣಿಗೆ, ಎದೆಯಲ್ಲಿ ಭಯ. ಗುಂಡು ಬಿದ್ದ ಟೈರಿನ ಗಾಡಿ ಅಲ್ಲೇ ನಿಲ್ಲುವುದೂ ಇಲ್ಲ, ಒಂದಷ್ಟು ದೂರ ಓಡುತ್ತದೆ. ಟಾರು ರಸ್ತೆಗೋ ಲೋಹಕ್ಕೋ ಬಡಿದ ಗುಂಡು ಚಿಮ್ಮಿ ಎಲ್ಲಿಗೆ ಹೋಗುತ್ತದೆಂದು ಹೊಡೆದವನಿಗೂ ಗೊತ್ತಿರುವುದಿಲ್ಲ. ಚಾಲಕನಿಗೇ ತಗುಲಿದರೆ ಆ ವಾಹನ ಹಿಡಿತ ತಪ್ಪಿ ಯಾರ ಮೇಲೆ ಬೇಕಾದರೂ ಹರಿಯಬಹುದು. ಈ ಸರಳ ಲೆಕ್ಕವನ್ನು ಅರಿತೇ ನ್ಯೂಯಾರ್ಕ್ ಪೊಲೀಸ್ ಇಲಾಖೆ 1972ರಲ್ಲಿ ಚಲಿಸುವ ವಾಹನಗಳತ್ತ ಗುಂಡು ಹಾರಿಸುವುದಕ್ಕೆ ನಿರ್ಬಂಧ ಹಾಕಿತು. ಒಳಗಿರುವವರು ವಾಹನವನ್ನು ಬಿಟ್ಟು ಬೇರೆ ಮಾರಕ ಅಸ್ತ್ರ ಬಳಸುತ್ತಿದ್ದರೆ ಮಾತ್ರ ವಿನಾಯಿತಿ. ವಾಹನ ಮೈಮೇಲೆ ಬರುತ್ತಿದ್ದರೆ ಪೊಲೀಸನು ಮೊದಲು ಮಾಡಬೇಕಾದದ್ದು ಪಕ್ಕಕ್ಕೆ ಸರಿಯುವುದು. ಕನಾಟ್ ಪ್ಲೇಸಿನಲ್ಲಾದರೋ ಗುರಿಯ ಸಮಸ್ಯೆಯೇ ಇರಲಿಲ್ಲ. ಕಾರು ನಿಂತಿತ್ತು, ಗುಂಡುಗಳು ಸೇರಬೇಕಾದಲ್ಲಿಗೇ ಸೇರಿದವು. ತರಬೇತಿ ಕೈಯನ್ನು ಪಳಗಿಸಬಹುದು, ತೀರ್ಮಾನವನ್ನು ಪಳಗಿಸುವುದು ಬೇರೆಯೇ ಕೆಲಸ.

ಕಾನೂನು ಈ ವಿಷಯದಲ್ಲಿ ನಾವೆಣಿಸಿದಷ್ಟು ಮೌನಿಯಲ್ಲ. ಬಂಧಿಸುವಾಗ ಅಗತ್ಯವಿರುವ ಎಲ್ಲ ಕ್ರಮಗಳನ್ನು ಪೊಲೀಸರು ಕೈಗೊಳ್ಳಬಹುದು, ಆದರೆ ಮರಣದಂಡನೆ ಇಲ್ಲವೇ ಜೀವಾವಧಿ ಶಿಕ್ಷೆಗೆ ಅರ್ಹವಾದ ಅಪರಾಧದ ಆರೋಪ ಇಲ್ಲದವನ ಸಾವಿಗೆ ಕಾರಣವಾಗುವ ಹಕ್ಕು ಅವರಿಗಿಲ್ಲ ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 46ನೇ ಕಲಮು ಹೇಳುತ್ತಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮಿನಲ್ಲಿಯೂ ಅದೇ ಮಾತಿದೆ. ಇನ್ನು, ಅಧಿಕಾರಿಯ ಆದೇಶ ಪಾಲಿಸದವನಿಗೆ ಮೋಟಾರು ವಾಹನ ಕಾಯ್ದೆಯಡಿ ಇರುವುದು ದಂಡ. 2019ರ ತಿದ್ದುಪಡಿಯ ನಂತರ ಅದು ಎರಡು ಸಾವಿರ ರೂಪಾಯಿ. ನಿಲ್ಲದೆ ಹೋದವನ ಮೇಲೆ ಬೇರೇನೂ ಆರೋಪವಿಲ್ಲದಿದ್ದರೆ ಅವನ ತಪ್ಪಿನ ಬೆಲೆ ಅಷ್ಟೇ. ಗಾಡಿಯ ನಂಬರು ಬರೆದುಕೊಂಡು ಮುಂದಿನ ಠಾಣೆಗೆ ವೈರ್‌ಲೆಸ್ ಮಾಡಿದರೆ ಮುಗಿಯುವ ಕೆಲಸಕ್ಕೆ ಗುಂಡೇಕೆ?

2018ರ ಸೆಪ್ಟೆಂಬರ್ 29ರ ನಡುರಾತ್ರಿ ಲಖನೌದ ಗೋಮತಿ ನಗರದಲ್ಲಿ ಹೀಗೆಯೇ ಆಯಿತು. ಬಹುರಾಷ್ಟ್ರೀಯ ಕಂಪನಿಯ ಉದ್ಯೋಗಿಯೊಬ್ಬರು ಸಹೋದ್ಯೋಗಿಯನ್ನು ಮನೆಗೆ ಬಿಡಲು ಹೊರಟಿದ್ದರು. ಕಾರು ನಿಲ್ಲಿಸಲಿಲ್ಲವೆಂದು ಪೇದೆ ಗುಂಡು ಹಾರಿಸಿದ, ಅವರು ಸತ್ತರು. ತನ್ನ ಮೇಲೆ ಕಾರು ಹತ್ತಿಸಲು ಬಂದರು ಎಂಬುದು ಪೇದೆಯ ವಿವರಣೆ. ಈ ಬಾರಿ ಯಾರೂ ಅದನ್ನು ನಂಬಲಿಲ್ಲ. ಪೇದೆಯ ಬಂಧನವಾಯಿತು, ಮುಖ್ಯಮಂತ್ರಿ ಮೃತರ ಕುಟುಂಬವನ್ನು ಭೇಟಿಯಾದರು. ಆಗಬೇಕಾದದ್ದೇ ಆಯಿತು. ಆದರೆ ಅದೇ ರಾಜ್ಯದಲ್ಲಿ ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ಒಂದರ ಮೇಲೊಂದು 'ಎನ್‌ಕೌಂಟರ್'ಗಳು ನಡೆದಾಗ ಇದೇ ವಿವರಣೆಯನ್ನು ಎಷ್ಟು ಸಲೀಸಾಗಿ ನುಂಗಲಾಗಿತ್ತು!

ನಮ್ಮ ನಾಡಿನಲ್ಲಿಯೂ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. 2014ರ ಏಪ್ರಿಲಿನಲ್ಲಿ ಶೃಂಗೇರಿ ಸಮೀಪದ ತನಿಕೋಡು ತಪಾಸಣಾ ಠಾಣೆಯಲ್ಲಿ ನಕ್ಸಲ್ ನಿಗ್ರಹ ದಳದವರ ಗುಂಡಿಗೆ ಮಂಗಳೂರು ಕಡೆಯ ಒಬ್ಬ ಯುವಕ ಬಲಿಯಾದ. ಅವನು ಬಂದ ವಾಹನದಲ್ಲಿದ್ದದ್ದು ಜಾನುವಾರು. ಗುಂಡು ಏಕೆ ಹಾರಿತು ಎಂಬ ಪ್ರಶ್ನೆ ಎದ್ದು ನಿಲ್ಲುವಷ್ಟರಲ್ಲಿ ಮಾತು ದನದ ಕಡೆಗೆ ಹೊರಳಿತ್ತು. ದನ ಸಾಗಿಸುವುದು ಸಕ್ರಮವೋ ಅಕ್ರಮವೋ, ಪರವಾನಗಿ ಇತ್ತೋ ಇಲ್ಲವೋ ಎಂಬ ತರ್ಕಗಳು ಊರೂರಲ್ಲಿ ನಡೆದವು. ಅಕ್ರಮವೆಂದೇ ಇಟ್ಟುಕೊಳ್ಳೋಣ. ಅದಕ್ಕೆ ಕಾನೂನಿನಲ್ಲಿ ಗುಂಡಿನ ಶಿಕ್ಷೆ ಎಲ್ಲಿದೆ? ದೆಹಲಿಯಲ್ಲಿ 'ಗುರುತು ತಪ್ಪಿತು' ಎಂದವರು ಇಲ್ಲಿ ಹಾಗೆ ಹೇಳಲಿಲ್ಲ. ಗುರುತು ಸಿಕ್ಕಿದ ಮೇಲೆ ವಿಚಾರಣೆಯೇ ಬೇಡವೆಂಬಂತೆ ಹಲವರು ಮಾತನಾಡಿದರು.

ಇಲ್ಲಿ ನಾವು ನಮ್ಮವರಿಗೂ ಒಂದು ಮಾತು ಹೇಳಬೇಕು. ಇಂಥ ಸಾವಿನ ನಂತರ ನಮ್ಮ ಸಭೆಗಳಲ್ಲಿ, ಮನವಿಪತ್ರಗಳಲ್ಲಿ, ನಮ್ಮದೇ ಪತ್ರಿಕೆಗಳಲ್ಲಿ ಮೊದಲು ಕೇಳಿಬರುವ ಪದ 'ಅಮಾಯಕ'. ಅಮಾಯಕ ಯುವಕನ ಹತ್ಯೆ, ಅಮಾಯಕರ ಮೇಲೆ ಗುಂಡು. ನಾವೂ ಬರೆದಿದ್ದೇವೆ. ದುಃಖದಲ್ಲಿ ಹುಟ್ಟಿದ ಆ ಪದದೊಳಗೆ ಒಂದು ಬಲೆಯಿದೆ. ಸತ್ತವನ ಅಮಾಯಕತೆಯನ್ನು ರುಜುವಾತುಪಡಿಸುವ ಹೊರೆಯನ್ನು ನಾವೇ ಹೊತ್ತುಕೊಳ್ಳುತ್ತೇವೆ. ಅವನ ಮೇಲೊಂದು ಹಳೆಯ ಕೇಸು ಸಿಕ್ಕಿದರೆ ನಮ್ಮ ದನಿ ತಗ್ಗುತ್ತದೆ, ತಾಯಿ ಒಬ್ಬಳೇ ಅಳುತ್ತಾಳೆ. ಸುದ್ದಿ ಬಂದಾಗ ಪರಿಶೀಲಿಸದೆ ಯಾರಿಗೂ ಕೇಡು ಮಾಡಕೂಡದು ಎಂಬುದು ಸೂರಃ ಹುಜುರಾತ್‌ನಿಂದ ನಾವು ಕಲಿತ ಪಾಠ. ಆ ಪಾಠ ಒಳ್ಳೆಯವರನ್ನು ಕಾಯಲಿಕ್ಕೆ ಮಾತ್ರ ಇರುವುದೆಂದು ನಮಗೆ ಯಾವ ಉಸ್ತಾದರೂ ಹೇಳಿಕೊಟ್ಟಿಲ್ಲ.

2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ 16 ಮಾರ್ಗಸೂಚಿಗಳನ್ನು ಕೊಟ್ಟಿತು. ಪೊಲೀಸರ ಗುಂಡಿನಿಂದ ಸಾವಾದರೆ ಎಫ್‌ಐಆರ್ ದಾಖಲಾಗಬೇಕು, ಸಿಐಡಿ ಅಥವಾ ಬೇರೆ ಠಾಣೆಯ ತಂಡ ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು, ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯಪದಕ ಕೊಡಕೂಡದು. ಸತ್ತವನು ಸಜ್ಜನನೋ ಪಾತಕಿಯೋ ಎಂಬ ಷರತ್ತು ಅದರಲ್ಲಿಲ್ಲ. ನಾವು ಹಿಡಿದುಕೊಳ್ಳಬೇಕಾದದ್ದು ಇದನ್ನು. ನಾಳೆ ಮತ್ತೊಂದು ಊರಿನ ಮತ್ತೊಂದು ರಸ್ತೆಯಿಂದ ಇಂಥ ಸುದ್ದಿ ಬಂದಾಗ, ಸತ್ತವನ ಹೆಸರೇನೆಂದು ನೋಡುವ ಮೊದಲು ಎರಡು ಪ್ರಶ್ನೆ ಕೇಳೋಣ. ಗುಂಡು ಹಾರಿಸಿದವರು ಯಾರು? ಹಾರಿಸದೆ ಇರುವುದಕ್ಕೆ ದಾರಿ ಇರಲಿಲ್ಲವೇ? ಅದಕ್ಕೆ ಉತ್ತರ ಬರುವವರೆಗೆ ಹೆಸರು ತಿಳಿಯದಿದ್ದರೂ ನಡೆಯುತ್ತದೆ. ಆ ಹೆಸರು ಯಾಸೀನ್ ಆಗಿದ್ದರೂ ಸರಿಯೇ.